ಗೇಟಿನೊಳಗೊಂದು ಹಾಡಿನ ಕ್ಲಾಸು

ಶಿವಮೊಗ್ಗ ಜಿಲ್ಲೆಯ ಒಂದು ಮಕ್ಕಳ ಪಾಲನಾ ಸಂಸ್ಥೆಯಲ್ಲಿ ವಾರಕ್ಕೆ ಎರಡು ದಿನ ಸಂಗೀತ ಕ್ಲಾಸು ನಡೆಸಲು ನನಗೆ ಅನುಮತಿ ಸಿಕ್ಕಿತ್ತು. ಅದರ ಮೊದಲ ಅವಧಿ ಈಗಷ್ಟೇ ಮುಗಿದು, ನವೀಕರಣವೂ ಆಗಿದೆ. ಕಾಗದ ಕೈಗೆ ಬಂದ ಮೇಲೆ ಇದನ್ನೆಲ್ಲ ಬರೆದಿಡಬೇಕು ಅನ್ನಿಸಿತು. ನಾನು ಶುರು ಮಾಡುವಾಗ ಯಾರನ್ನು ಕೇಳಬೇಕು, ಯಾವ ಕಾಗದ ಬೇಕು, ಒಳಗೆ ಹೋದ ಮೇಲೆ ಏನು ಮಾಡಬಾರದು ಎಂದು ಹೇಳುವವರು ಯಾರೂ ಸಿಗಲಿಲ್ಲ. ಸಂಸ್ಥೆ ಯಾವುದು, ಎಲ್ಲಿದೆ ಎಂದು ಬರೆಯುವುದಿಲ್ಲ. ಮಕ್ಕಳ ಗುರುತು ಯಾರಿಗೂ ಸಿಗಬಾರದು, ಅದಕ್ಕೆ.

ನಾನು ಮನೆಯಲ್ಲಿ ಕರ್ನಾಟಕ ಸಂಗೀತ, ಸುಗಮ ಸಂಗೀತ ಹೇಳಿಕೊಡುವವಳು. ಶಿವಮೊಗ್ಗದಲ್ಲಿ ಸಂಗೀತಕ್ಕೆ ಬರವಿಲ್ಲ. ಶಿವಮೊಗ್ಗ ಸುಬ್ಬಣ್ಣನವರ ಹೆಸರಲ್ಲೇ ಈ ಊರಿದೆ. ತುಂಗೆಯ ದಡದ ಹೊಸಹಳ್ಳಿಯ, ಕಾವ್ಯವನ್ನು ರಾಗವಾಗಿ ಓದುವ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಕುವೆಂಪು ರಂಗಮಂದಿರದಲ್ಲಿ ಏನಾದರೊಂದು ಕಾರ್ಯಕ್ರಮ ಇದ್ದೇ ಇರುತ್ತದೆ. ಸಾಗರದ ಕಡೆ ಹೋದರೆ ಡೊಳ್ಳಿನ ತಂಡಗಳಿವೆ. ಇಷ್ಟೆಲ್ಲ ಇದ್ದರೂ ಕೆಲವು ಮಕ್ಕಳ ಹತ್ತಿರಕ್ಕೆ ಇದ್ಯಾವುದೂ ಹೋಗುವುದಿಲ್ಲ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ಗ್ಯಾರೇಜಿಗೋ ಅಡಿಕೆ ಸುಲಿಯುವುದಕ್ಕೋ ಹೋದವರು, ನೋಡಿಕೊಳ್ಳುವವರು ಇಲ್ಲದವರು, ಪೊಲೀಸ್ ಕೇಸಿನಲ್ಲಿ ಸಿಕ್ಕಿಕೊಂಡವರು. ಆಪ್ತ ಸಮಾಲೋಚಕಿಯಾಗಿರುವ ಗೆಳತಿಯೊಬ್ಬಳು, 'ನಮ್ಮ ಹುಡುಗರು ಸಂಜೆ ಹೊತ್ತು ಸುಮ್ನೆ ಗೋಡೆ ನೋಡ್ತಾ ಕೂತಿರ್ತಾರೆ ಕಣೇ, ಬಂದು ಏನಾದ್ರೂ ಹಾಡಿಸ್ತೀಯಾ?' ಎಂದು ಕೇಳಿದಳು. ಅಲ್ಲಿಂದ ಶುರುವಾಯಿತು.

ಮೊದಲು ತಿಳಿದುಕೊಳ್ಳಬೇಕಾದ ಒಂದು ವಿಷಯ ಇದೆ. 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಮಕ್ಕಳ ಎರಡು ಗುಂಪುಗಳಿವೆ. ಪಾಲನೆ ಮತ್ತು ರಕ್ಷಣೆ ಬೇಕಾದ ಮಕ್ಕಳು ಒಂದು. ಇವರ ವಿಷಯ ನೋಡುವುದು ಮಕ್ಕಳ ಕಲ್ಯಾಣ ಸಮಿತಿ. ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಕ್ಕಳು ಇನ್ನೊಂದು. ಇವರದ್ದು ಬಾಲ ನ್ಯಾಯ ಮಂಡಳಿಗೆ ಸೇರಿದ್ದು. ಇಬ್ಬರನ್ನೂ ಇಡುವ ಸಂಸ್ಥೆಗಳು ಬೇರೆ ಬೇರೆ. ನೀವು ಯಾವ ಮಕ್ಕಳಿಗೆ ಕಲಿಸಲು ಹೊರಟಿದ್ದೀರಿ ಎಂದು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯದಿದ್ದರೆ ಕಡತ ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಸುತ್ತುತ್ತಲೇ ಇರುತ್ತದೆ. ಜಿಲ್ಲಾ ಮಟ್ಟದಲ್ಲಿ ಮಕ್ಕಳ ರಕ್ಷಣಾ ಘಟಕ ಅಂತ ಇದೆ. ವಿಚಾರಿಸುವುದನ್ನು ಅಲ್ಲಿಂದ ಶುರು ಮಾಡುವುದು ಒಳ್ಳೆಯದು.

ನನ್ನ ಮೊದಲ ಅರ್ಜಿ ಒಂದೇ ಪುಟದ್ದು. ಅದನ್ನು ಓದಿದ ಅಧಿಕಾರಿ ತುಂಬ ಒಳ್ಳೆಯ ಮಾತಾಡಿದರು. 'ಮಕ್ಕಳ ದಿನಾಚರಣೆಗೆ ಒಂದು ಕಾರ್ಯಕ್ರಮ ಮಾಡಿ ಮೇಡಂ. ಬ್ಯಾನರ್ ಹಾಕ್ಸಿ, ಸ್ವೀಟ್ ಕೊಡಿ, ಅನುಮತಿ ಇವತ್ತೇ ಕೊಡ್ತೀವಿ' ಎಂದರು. ಒಂದು ದಿನದ ಕಾರ್ಯಕ್ರಮಕ್ಕೆ ಅನುಮತಿ ಸುಲಭ. ಪ್ರತಿ ವಾರ ಬರುತ್ತೇನೆ ಎಂದರೆ ಎಲ್ಲರ ಮುಖದಲ್ಲೂ ಅನುಮಾನ. ನಾನು ಪಟ್ಟು ಬಿಡಲಿಲ್ಲ. ಈ ಮಕ್ಕಳ ಬದುಕಿನಲ್ಲಿ ಬಂದು ಹೋದವರು ಈಗಾಗಲೇ ಜಾಸ್ತಿ. ಒಂದು ದಿನ ಬಂದು ಹಾಡಿ, ಚಪ್ಪಾಳೆ ತಟ್ಟಿಸಿಕೊಂಡು ಹೋಗುವ ಇನ್ನೊಬ್ಬರು ಅವರಿಗೆ ಬೇಕಿಲ್ಲ. ಅದೇ ದಿನ, ಅದೇ ಹೊತ್ತಿಗೆ, ಅದೇ ಮುಖ ಮತ್ತೆ ಮತ್ತೆ ಕಾಣಬೇಕು. ಸಂಗೀತವೂ ಕೈಗೆ, ಗಂಟಲಿಗೆ ಹತ್ತುವುದು ಹಾಗೇ ಅಲ್ವಾ?

ಎರಡನೇ ಅರ್ಜಿಯ ಜೊತೆಗೆ ಒಂದು ಟಿಪ್ಪಣಿ ಇಟ್ಟೆ. ಅದರಲ್ಲಿ ವೆನೆಜುವೆಲಾದ ಎಲ್ ಸಿಸ್ತೆಮಾ ಬಗ್ಗೆ ಬರೆದೆ. 1975ರಲ್ಲಿ ಹೋಸೆ ಆಂಟೋನಿಯೋ ಅಬ್ರೇಯು ಶುರು ಮಾಡಿದ ಈ ವ್ಯವಸ್ಥೆಯಲ್ಲಿ ಬಡ ಬಡಾವಣೆಗಳ ಮಕ್ಕಳಿಗೆ ಪುಕ್ಕಟೆಯಾಗಿ ವಾದ್ಯ ಕೊಟ್ಟು ಕಲಿಸುತ್ತಾರೆ. ಒಬ್ಬೊಬ್ಬರಿಗೆ ಪ್ರತ್ಯೇಕ ಪಾಠಕ್ಕಿಂತ ಎಲ್ಲರೂ ಒಟ್ಟಿಗೆ ಕೂತು ನುಡಿಸುವುದಕ್ಕೇ ಅಲ್ಲಿ ಹೆಚ್ಚು ಬೆಲೆ. ಆ ದೊಡ್ಡ ಆರ್ಕೆಸ್ಟ್ರಾ ನಮ್ಮಿಂದ ಆಗದು, ಆದರೆ ಒಟ್ಟಿಗೆ ಕೂರುವುದು, ಬಿಡದೆ ಬರುವುದು ಆಗುತ್ತದೆ ಎಂದು ಬರೆದೆ. ತಿಂಗಳ ವೇಳಾಪಟ್ಟಿ, ಯಾವ ವಾದ್ಯ ಒಳಗೆ ಬರುತ್ತದೆ, ಕ್ಲಾಸಿನಲ್ಲಿ ಸಂಸ್ಥೆಯ ಸಿಬ್ಬಂದಿ ಒಬ್ಬರು ಇರಬೇಕು ಎಂಬ ಕೋರಿಕೆ, ಎಲ್ಲ ಸೇರಿಸಿದೆ. ಈ ಕೊನೆಯದನ್ನು ನೀವಾಗಿಯೇ ಕೇಳಿ. ಮಕ್ಕಳಿಗೂ ಒಳ್ಳೆಯದು, ನಿಮಗೂ ಒಳ್ಳೆಯದು. ಅಧಿಕಾರಿಗಳ ಅರ್ಧ ಅನುಮಾನ ಅಲ್ಲೇ ಕಡಿಮೆಯಾಗುತ್ತದೆ.

ಆಮೇಲೆ ಕಾಗದಗಳು. ಆಧಾರ್, ಫೋಟೋ, ಸಂಗೀತ ಪರೀಕ್ಷೆಯ ಪ್ರಮಾಣಪತ್ರ, ಗೊತ್ತಿರುವ ಇಬ್ಬರ ಶಿಫಾರಸು ಪತ್ರ, ಮಕ್ಕಳ ಸುರಕ್ಷತೆಯ ನಿಯಮ ಪಾಲಿಸುತ್ತೇನೆ ಎಂಬ ಮುಚ್ಚಳಿಕೆ, ಪೊಲೀಸ್ ಪರಿಶೀಲನಾ ಪತ್ರ. ಮುಚ್ಚಳಿಕೆಯನ್ನು ಸ್ಟಾಂಪ್ ಪೇಪರಿನಲ್ಲಿ ಟೈಪ್ ಮಾಡಿಸಿ ನೋಟರಿ ಮಾಡಿಸಿದೆ. ತಡವಾಗಿದ್ದು ಪೊಲೀಸ್ ಪರಿಶೀಲನೆಯಲ್ಲಿ. ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು, ಅದು ಸುಲಭ. ಆದರೆ ನನ್ನ ಆಧಾರಿನಲ್ಲಿ ಇದ್ದದ್ದು ತೀರ್ಥಹಳ್ಳಿ ಕಡೆಯ ತವರು ಮನೆಯ ವಿಳಾಸ, ಇರುವುದು ಶಿವಮೊಗ್ಗದ ಬಾಡಿಗೆ ಮನೆಯಲ್ಲಿ. ಎರಡು ಠಾಣೆಗಳ ನಡುವೆ ಅರ್ಜಿ ನಿಂತುಬಿಟ್ಟಿತು. ಬಾಡಿಗೆ ಕರಾರು ಪತ್ರ, ಕರೆಂಟ್ ಬಿಲ್ಲು ಹಿಡಿದುಕೊಂಡು ಹೋಗಿ ವಿವರಿಸಿದ ಮೇಲೆ ಮುಂದೆ ಹೋಯಿತು. ನಿಮ್ಮದೂ ಹೀಗೆ ಎರಡು ವಿಳಾಸ ಇದ್ದರೆ ಮೊದಲು ಆಧಾರ್ ಸರಿಮಾಡಿಸಿಕೊಳ್ಳಿ, ಆಮೇಲೆ ಉಳಿದದ್ದು. ಎಲ್ಲ ಕಾಗದದ ಮೂರು ಜೆರಾಕ್ಸ್ ಸೆಟ್ ಇಟ್ಟುಕೊಳ್ಳಿ. ಯಾವುದೇ ಅರ್ಜಿ ಕೊಟ್ಟರೂ ಕಚೇರಿಯ ಟಪಾಲು ವಿಭಾಗದಲ್ಲಿ ಸೀಲು ಹಾಕಿಸಿ ಸ್ವೀಕೃತಿ ಸಂಖ್ಯೆ ಬರೆಸಿಕೊಳ್ಳಿ. ಒಂದು ಕಚೇರಿಯಲ್ಲಿ ನನ್ನ ಕಡತ ಸಿಗುತ್ತಿಲ್ಲ ಎಂದಾಗ ಉಳಿಸಿದ್ದು ಆ ಸಂಖ್ಯೆಯೇ.

ಕಾಯುವ ದಿನಗಳು ಕಷ್ಟ. ಮಳೆಗಾಲ ಮುಗಿದು ಚಳಿ ಬಂತು, ಚಳಿ ಹೋಗಿ ಬಿಸಿಲು ಬಂತು. ಅಧಿಕಾರಿಗೆ ವರ್ಗಾವಣೆಯಾಯಿತು. ಹೊಸಬರು ಬಂದು ಮೊದಲಿಂದ ಕೇಳಿದರು. ಅಷ್ಟು ಹೊತ್ತಿಗೆ, ಗೆಳತಿ ಹೇಳಿದ್ದ ಹುಡುಗರಲ್ಲಿ ಬಹಳಷ್ಟು ಜನ ಅಲ್ಲಿಂದ ಹೋಗಿಯೂ ಆಗಿತ್ತು. ಅದನ್ನು ಕೇಳಿದಾಗ ತುಂಬ ಸಂಕಟವಾಯಿತು. ಯಾರಿಗಾಗಿ ಓಡಾಡುತ್ತಿದ್ದೇನೋ ಅವರೇ ಇಲ್ಲ. ನಮ್ಮನೆಯವರು, 'ಹೋದವರ ಜಾಗಕ್ಕೆ ಬಂದವರು ಇದಾರಲ್ಲ' ಎಂದರು. ನಿಜ.

ಈ ನಡುವೆ ದುಡ್ಡಿನ ವಿಷಯ. ನೋಂದಾಯಿತ ಸಂಘ ಇದ್ದರೆ ಸಹಾಯಧನ ಕೇಳಬಹುದು ಎಂದು ಹಲವರು ಹೇಳಿದರು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಕನಿಷ್ಠ ಏಳು ಜನ ಸದಸ್ಯರು ಬೇಕು, ನಿಯಮಾವಳಿ ಬೇಕು, ವರ್ಷ ವರ್ಷ ಲೆಕ್ಕ ಕೊಡಬೇಕು. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣಕ್ಕೆ ಇನ್ನೂ ಬೇರೆ ನೋಂದಣಿಗಳು ಬೇಕು. ಒಬ್ಬರೇ ಶುರು ಮಾಡುವವರಿಗೆ ಇದು ಸದ್ಯಕ್ಕೆ ಬೇಡದ ಹೊರೆ ಅಂತಲೇ ನನ್ನ ಅಭಿಪ್ರಾಯ. ನಾನು ಹಳೆಯ ಶಿಷ್ಯರನ್ನು, ನೆಂಟರನ್ನು ಕೇಳಿದೆ. ಹಳೆಯ ಹಾರ್ಮೋನಿಯಂ ಒಂದು ರಿಪೇರಿ ಸೇರಿ ಹತ್ತು ಸಾವಿರದ ಒಳಗೆ ಆಯಿತು. ರಿಪೇರಿ ಮಾಡಿದ ಹಿರಿಯರು ರೀಡುಗಳನ್ನು ಒರೆಸಿ, ತಿದಿಗೆ ಹೊಸ ಚರ್ಮ ಹಾಕಿ, 'ಆ ಮಕ್ಕಳಿಗಾ?' ಎಂದು ಕೇಳಿ ಕೂಲಿ ಬೇಡ ಅಂದುಬಿಟ್ಟರು. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ನನ್ನ ಹತ್ತಿರವೇ ಇತ್ತು. ದಮ್ಮಡಿ, ತಾಳ, ಖಂಜಿರ ಕೊಂಡೆವು.

ಒಬ್ಬ ದಾನಿ ದೊಡ್ಡ ಮೊತ್ತ ಕೊಡಲು ಮುಂದೆ ಬಂದರು. ಮಕ್ಕಳ ಜೊತೆ ಫೋಟೋ ತೆಗೆಸಿ ಪತ್ರಿಕೆಗೆ ಕೊಡಬೇಕು ಎಂದು ಕೇಳಿದರು. ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಇದನ್ನು ಬಿಡುವುದಿಲ್ಲ. ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ, ಗುರುತು ಸಿಗುವಂಥ ಏನನ್ನೂ ಪ್ರಕಟಿಸುವಂತಿಲ್ಲ. ಪ್ರಕಟಿಸಿದರೆ ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದನ್ನು ಹೇಳಿದ ಮೇಲೆ ಅವರು ಹಿಂದೆ ಸರಿದರು. ಬೇಸರವಾಯಿತು, ಆದರೆ ಕಾನೂನು ಸರಿಯಾಗೇ ಇದೆ. ಹದಿನೈದು ವರ್ಷದಲ್ಲಿ ತೆಗೆದ ಒಂದು ಫೋಟೋ ಆ ಹುಡುಗನನ್ನು ಮೂವತ್ತು ವರ್ಷದಲ್ಲೂ ಹಿಂಬಾಲಿಸಬಾರದು. ನೀವು ದಾನಿಗಳ ಹತ್ತಿರ ಹೋಗುವಾಗ ಫೋಟೋ ಇಲ್ಲ ಎಂಬುದನ್ನು ಮೊದಲ ಮಾತಿನಲ್ಲೇ ಹೇಳಿಬಿಡಿ.

ಅನುಮತಿ ಪತ್ರ ಬಂದ ಮೇಲೂ ಗೇಟಿನಲ್ಲಿ ತಕರಾರು ಇತ್ತು. ತಂತಿ ವಾದ್ಯ ಒಳಗೆ ಬಿಟ್ಟು ಹೋಗುವಂತಿಲ್ಲ ಎಂದರು. ತಂತಿಯಿಂದ ಮಕ್ಕಳು ತಮಗೇ ಪೆಟ್ಟು ಮಾಡಿಕೊಳ್ಳಬಹುದು ಎಂಬ ಭಯ. ಆ ಭಯಕ್ಕೆ ಅರ್ಥವಿದೆ. ತಾಳಗಳನ್ನು ಹೋಗುವಾಗ ಬರುವಾಗ ಎಣಿಸಿ ರಿಜಿಸ್ಟರಿನಲ್ಲಿ ಬರೆಯಬೇಕು. ಹಾರ್ಮೋನಿಯಂ ಬೀರುವಿನಲ್ಲಿ, ಬೀರುವಿನ ಕೀಲಿ ಒಬ್ಬರ ಹತ್ತಿರ. ಅವರು ರಜೆ ಹಾಕಿದ ದಿನ ಹಾರ್ಮೋನಿಯಂ ಇಲ್ಲ. ಹಾಗಾಗಿ ವಾದ್ಯವೇ ಬೇಡದ ಒಂದು ಪಾಠವನ್ನು ಯಾವಾಗಲೂ ಸಿದ್ಧವಾಗಿಟ್ಟುಕೊಂಡಿರಿ.

ಮೊದಲ ದಿನ ಯಾರೂ ಬಾಯಿ ಬಿಡಲಿಲ್ಲ. ಗೋಡೆಗೆ ಒರಗಿ ಕೂತಿದ್ದರು. ನಾನು ಒಂದು ವಚನ ಹಾಡಿದೆ. ಅಲ್ಲಮನ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಎರಡೂ ನಮ್ಮ ಶಿಕಾರಿಪುರ ತಾಲೂಕಿನಲ್ಲೇ ಇವೆ ಎಂದು ಹೇಳಿದೆ. ಯಾರಿಗೂ ಬೇಕಾಗಿರಲಿಲ್ಲ. ಮಾಯಾಮಾಳವಗೌಳ ರಾಗದಲ್ಲಿ ಸರಳೆ, ಅಂದರೆ ಮೊದಲ ಸ್ವರಪಾಠ, ಹೇಳಿಸಲು ನೋಡಿದರೆ ಒಬ್ಬ ನಕ್ಕ, ಎಲ್ಲರೂ ನಕ್ಕರು. ಹದಿನಾಲ್ಕು ಹದಿನಾರರ ಹುಡುಗರು, ಧ್ವನಿ ಒಡೆಯುವ ವಯಸ್ಸು. ನನ್ನ ಐದು ಮನೆ ಶ್ರುತಿ, ಅಂದರೆ ನಾನು ಹಾಡುವ ಎತ್ತರದ ಆಧಾರ ಸ್ವರ, ಅವರ ಗಂಟಲಿಗೆ ನಿಲುಕುವುದೇ ಇಲ್ಲ. ಹುಡುಗರಿಗೆ ಕಲಿಸುವ ಹೆಂಗಸರು ಇದನ್ನು ಗಮನಿಸಬೇಕು. ಒಂದು ಮನೆಗೋ ಒಂದೂವರೆ ಮನೆಗೋ ಇಳಿಸಿ, ನೀವು ಕೆಳಗೆ ಕಷ್ಟಪಟ್ಟರೂ ಪರವಾಗಿಲ್ಲ. ಅವರ ಧ್ವನಿ ಎಲ್ಲರೆದುರು ಸೀಳಿಹೋದರೆ ಮತ್ತೆ ಬಾಯಿ ತೆಗೆಯುವುದಿಲ್ಲ.

ದಾರಿ ಸಿಕ್ಕಿದ್ದು ಕೈಯಲ್ಲಿ. ಹಿಂದೆ ಕೂತ ಒಬ್ಬ ಬೆಂಚಿನ ಮೇಲೆ ಬೆರಳಾಡಿಸುತ್ತಿದ್ದ. ನಾನು ಅದೇ ನಡೆಗೆ ತಕಧಿಮಿ ಅಂದೆ. ಅವನು ಬದಲಿಸಿದ. ನಾನೂ ಬದಲಿಸಿದೆ. ತಕಿಟ ಮೂರು, ತಕಧಿಮಿ ನಾಲ್ಕು, ತಕತಕಿಟ ಐದು. ಐದರ ಲೆಕ್ಕ ಬಂದಾಗ ಎಲ್ಲರೂ ತಪ್ಪಿದರು. ತಪ್ಪಿದ್ದೇ ಹಠ ಹುಟ್ಟಿಸಿತು. ಆವತ್ತು ಕ್ಲಾಸು ಮುಗಿದ ಮೇಲೂ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ತಕತಕಿಟ ಬಡಿಯುತ್ತಿದ್ದರಂತೆ. ಆಮೇಲೆ ಎಷ್ಟೋ ವಾರ ನಾವು ಹಾಡಲೇ ಇಲ್ಲ. ತಾಳ ಮಾತ್ರ.

ಇಲ್ಲಿ ಪಾಠದ ಪುಸ್ತಕ ನಡೆಯುವುದಿಲ್ಲ. ಇವತ್ತು ಇದ್ದ ಹುಡುಗ ಮುಂದಿನ ವಾರ ಇರುವುದಿಲ್ಲ. ಜಾಮೀನಾಗುತ್ತದೆ, ಮನೆಗೆ ಕಳಿಸುತ್ತಾರೆ, ಬೇರೆ ಜಿಲ್ಲೆಗೆ ಕಳಿಸುತ್ತಾರೆ. ಹೊಸಬರು ಬರುತ್ತಾರೆ. ಹಾಗಾಗಿ ಪ್ರತಿ ಕ್ಲಾಸೂ ಅದರಷ್ಟಕ್ಕೆ ಪೂರ್ತಿ ಇರಬೇಕು. ಒಂದೇ ದಿನ ಬಂದವನೂ ಏನಾದರೊಂದನ್ನು ಮುಗಿಸಿ ಏಳಬೇಕು. ನಾನು ಪ್ರತಿ ಸಲ ಒಂದು ಸಣ್ಣ ತಾಳ, ಎರಡು ಸಾಲು ಹಾಡು, ಕೇಳಲು ಒಂದು ಸಂಗೀತ, ಇಷ್ಟು ಇಟ್ಟುಕೊಳ್ಳುತ್ತೇನೆ. ಹಳಬರು ಹೊಸಬರಿಗೆ ಹೇಳಿಕೊಡುತ್ತಾರೆ. ಏನು ಮಾಡಿ ಬಂದಿದ್ದೀಯ ಎಂದು ಯಾರನ್ನೂ ಕೇಳುವುದಿಲ್ಲ. ಯಾರಾದರೂ ತಾವಾಗಿ ತಮಗಾದ ಹಿಂಸೆಯ ಬಗ್ಗೆ ಹೇಳಿದರೆ ಗುಟ್ಟಾಗಿಡುತ್ತೇನೆ ಎಂದು ಮಾತು ಕೊಡಬೇಡಿ. ಲೈಂಗಿಕ ದೌರ್ಜನ್ಯದ ವಿಷಯವಾದರೆ 2012ರ ಪೋಕ್ಸೋ ಕಾಯ್ದೆಯಂತೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098 ನೆನಪಿರಲಿ.

ಹೊರಗಿನ ಕಲಾವಿದರನ್ನು ಕರೆಸಿದ್ದು ಎರಡನೇ ಹಂತ. ಡೊಳ್ಳಿನ ತಂಡದವರು ಒಪ್ಪಿದರು. ಪ್ರತಿಯೊಬ್ಬರ ಆಧಾರ್ ಪ್ರತಿ, ಪ್ರತ್ಯೇಕ ಪತ್ರ, ಮತ್ತೆ ಕಾಯುವುದು. ಅನುಮತಿ ಬಂದಾಗ ಪುನರ್ವಸು ಮಳೆ ಹಿಡಿದಿತ್ತು. ಡೊಳ್ಳಿನ ಚರ್ಮ ತಂಡಿ ಹೀರಿ ಸಡಿಲವಾಗಿತ್ತು, ಬಡಿದರೆ ಮಂಕು ಸದ್ದು. 'ಬೆಂಕಿ ತೋರಿಸ್ಬೇಕು ಅಕ್ಕಾ' ಎಂದರು ತಂಡದ ಹಿರಿಯರು. ಒಳಗೆ ಬೆಂಕಿ ಹಾಕುವಂತಿಲ್ಲ. ಕೊನೆಗೆ ಅಧೀಕ್ಷಕರು ಸ್ನಾನದ ನೀರು ಕಾಯಿಸುವ ಒಲೆಯ ಹತ್ತಿರ, ಸಿಬ್ಬಂದಿಯ ಎದುರಿಗೆ, ಕಾಯಿಸಿಕೊಳ್ಳಿ ಎಂದರು.

ಡೊಳ್ಳು ಹಿಡಿಯಲು ಒಬ್ಬ ಹುಡುಗ ಹೋದ. ಕ್ಲಾಸಿನಲ್ಲಿ ಅದುವರೆಗೆ ಒಂದು ಮಾತೂ ಆಡದವನು. ಹಿರಿಯರು ಡೊಳ್ಳನ್ನು ನಿಧಾನ ತಿರುಗಿಸುತ್ತ, ಅಂಚಿನಲ್ಲಿ ಬೆರಳಿಂದ ತಟ್ಟಿ ನೋಡುತ್ತಿದ್ದರು. ಹೊಗೆಗೆ ಇಬ್ಬರ ಕಣ್ಣಲ್ಲೂ ನೀರು. 'ಈಗ ಆಯ್ತಾ?' ಎಂದ ಹುಡುಗ. 'ಇನ್ನೂ ಇಲ್ಲ ಮಗಾ, ಕಿವಿ ಕೊಡು.' ಮತ್ತೆ ತಿರುಗಿಸಿದರು, ತಟ್ಟಿದರು. ಸದ್ದು ಸ್ವಲ್ಪ ಬಿಗಿಯಾಯಿತು, ಇನ್ನೂ ಸ್ವಲ್ಪ. ಹಿರಿಯರು ಮತ್ತೊಮ್ಮೆ ತಟ್ಟುವಷ್ಟರಲ್ಲಿ ಹುಡುಗನೇ 'ಈಗ!' ಎಂದ. ಅವರು ಕೋಲು ತೆಗೆದು ಅವನ ಕೈಗೇ ಕೊಟ್ಟರು. ಮೊದಲ ಪೆಟ್ಟು ಅವನೇ ಹೊಡೆದ.

ಆದರೆ ಅದೇ ದಿನ ಇನ್ನೊಬ್ಬ ಹುಡುಗ ಡೊಳ್ಳಿನ ಸದ್ದು ಶುರುವಾದ ಕೂಡಲೇ ಕಿವಿ ಮುಚ್ಚಿಕೊಂಡು ಎದ್ದು ಹೋದ, ಮೈ ನಡುಗುತ್ತಿತ್ತು. ದೊಡ್ಡ ಸದ್ದು ಎಲ್ಲರಿಗೂ ಸಂತೋಷವಲ್ಲ. ಗೆಳತಿ ಅವನ ಜೊತೆ ಹೊರಗೆ ಕೂತಳು. ಆಮೇಲಿಂದ ಏನು ಬರುತ್ತದೆ, ಎಷ್ಟು ಸದ್ದಿರುತ್ತದೆ ಎಂದು ಹಿಂದಿನ ದಿನವೇ ಎಲ್ಲರಿಗೂ ಹೇಳುತ್ತೇವೆ. ಬಾಗಿಲು ತೆರೆದಿಡುತ್ತೇವೆ. ಬೇಡವಾದವರು ಕೇಳದೆಯೇ ಎದ್ದು ಹೋಗಬಹುದು.

ಗಮಕದ ದಿನವೂ ಹಾಗೇ. ಬಂದ ಗಮಕಿಗಳು ಮಹಾಭಾರತದಲ್ಲಿ ಕುಂತಿ ಕರ್ಣನನ್ನು ಕಾಣಲು ಬರುವ ಭಾಗ ಓದಿದರು. ಮುಗಿದ ಮೇಲೆ ಒಬ್ಬ ಕೇಳಿದ: 'ಅವನಮ್ಮ ಮೊದ್ಲೇ ಯಾಕೆ ಬರ್ಲಿಲ್ಲ?' ಗಮಕಿಗಳು ಉತ್ತರ ಹುಡುಕಲಿಲ್ಲ. 'ಬರಬೇಕಿತ್ತು ಕಣಪ್ಪ' ಎಂದಷ್ಟೇ ಹೇಳಿ ಅವನ ಪಕ್ಕದಲ್ಲಿ ಕೂತರು. ಅತಿಥಿಗಳು ಏನು ಓದುತ್ತಾರೆ, ಏನು ಹಾಡುತ್ತಾರೆ ಎಂದು ಆಪ್ತ ಸಮಾಲೋಚಕರಿಗೆ ಮೊದಲೇ ಹೇಳಿರಿ. ಆ ಭಾಗ ಬೇಡ ಎನ್ನುವುದಕ್ಕಲ್ಲ, ಆ ಸಂಜೆ ಮಕ್ಕಳ ಹತ್ತಿರ ಯಾರಾದರೂ ಇರಬೇಕು ಎನ್ನುವುದಕ್ಕೆ.

ಕಲಾವಿದರಿಗೆ ದುಡ್ಡು ಕೊಡಿ. ಒಳ್ಳೆಯ ಕೆಲಸ ಅಂತ ಪುಕ್ಕಟೆ ಕರೆಯಬೇಡಿ. ಡೊಳ್ಳಿನವರು ಒಂದು ದಿನದ ಕೂಲಿ ಬಿಟ್ಟು ಬರುತ್ತಾರೆ. ವಾಹನ, ಊಟ, ಸಂಭಾವನೆ ಸೇರಿ ಆ ದಿನಕ್ಕೆ ಹಾರ್ಮೋನಿಯಂಗಿಂತ ಜಾಸ್ತಿಯೇ ಖರ್ಚಾಯಿತು. ನನ್ನ ಲೆಕ್ಕದಲ್ಲಿ ಅದು ಸರಿಯಾದ ಖರ್ಚು.

ದೀಪಾವಳಿ ಹತ್ತಿರ ಬಂದಾಗ ಮಲೆನಾಡಿನ ಒಳ ಹಳ್ಳಿಯ ಹುಡುಗನೊಬ್ಬ ತಾನಾಗಿ ಬಂದು, 'ನಂಗೆ ಅಂಟಿಗೆ-ಪಂಟಿಗೆ ಬರ್ತದೆ ಮಿಸ್' ಎಂದ. ಅಜ್ಜನ ಜೊತೆ ದೀಪ ಹಿಡಿದು ರಾತ್ರಿ ಮನೆ ಮನೆಗೆ ಹೋದವನಂತೆ. ಹಾಡಿದ. ರಾಗ ಪೂರ್ತಿ ಗೊತ್ತು, ಮಾತು ಅಲ್ಲಲ್ಲಿ ಬಿಟ್ಟುಹೋಗಿತ್ತು. ಮನೆಯವರು ದೀಪಕ್ಕೆ ಎಣ್ಣೆ ಹಾಕುವುದು, ಅಕ್ಕಿ ಕೊಡುವುದು, ಎಲ್ಲ ವಿವರಿಸಿದ. ಆವತ್ತು ಅವನು ಮೇಷ್ಟ್ರು, ನಾನು ಉಳಿದವರ ಜೊತೆ ನೆಲದ ಮೇಲೆ ಕೂತೆ. ಅವನು ಮುಂದೆ ಹೇಳಿದ್ದನ್ನು ನಾವೆಲ್ಲ ಹಿಂದೆ ಹೇಳಿದೆವು. ಅಲ್ಲಿಂದ ಪ್ರತಿ ವಾರ ಯಾರಾದರೊಬ್ಬರು ತಮ್ಮೂರಿನದ್ದು ಒಂದನ್ನು ಕಲಿಸುತ್ತಾರೆ.

ಹೋದವರು ಏನಾದರು ಎಂದು ನಮಗೆ ತಿಳಿಯುವುದಿಲ್ಲ. ಫೋನ್ ನಂಬರ್ ಕೊಡುವಂತಿಲ್ಲ, ಹುಡುಕಿಕೊಂಡು ಹೋಗುವಂತಿಲ್ಲ. ಇದಕ್ಕೆ ನಾನು ಇನ್ನೂ ಒಗ್ಗಿಲ್ಲ. ಸಂಗೀತ ಮುಂದುವರಿಸಬೇಕು ಎನ್ನುವವರ ವಿಷಯವನ್ನು ಸಂಸ್ಥೆಯ ಮೂಲಕ ಮನೆಯವರಿಗೆ ತಿಳಿಸುತ್ತೇವೆ. ಅವರ ಊರ ಹತ್ತಿರದ ಭಜನಾ ಮಂಡಳಿ, ಡೊಳ್ಳಿನ ಸಂಘ, ಯಕ್ಷಗಾನದ ತರಗತಿ ಯಾವುದಿದೆ ಎಂದು ಒಂದು ಚೀಟಿಯಲ್ಲಿ ಬರೆದು ಅಧೀಕ್ಷಕರ ಕೈಗೆ ಕೊಡುತ್ತೇವೆ. ಈ ಪಟ್ಟಿಯನ್ನು ತಾಲೂಕುವಾರು ಮಾಡಿಟ್ಟುಕೊಂಡರೆ ಬಿಡುಗಡೆ ದಿನ ಗಡಿಬಿಡಿ ಇರುವುದಿಲ್ಲ.

ನವೀಕರಣಕ್ಕೆ ಅವಧಿ ಮುಗಿಯುವ ಎರಡು ತಿಂಗಳು ಮೊದಲೇ ಅರ್ಜಿ ಹಾಕಿ, ನಡುವೆ ಕ್ಲಾಸು ನಿಲ್ಲಬಾರದು. ಹಾಜರಿ ಪುಸ್ತಕದ ಪ್ರತಿ ಮತ್ತು ಆಪ್ತ ಸಮಾಲೋಚಕರ ಅರ್ಧ ಪುಟದ ವರದಿ ಜೊತೆಗಿರಲಿ. ಹಾಜರಿಯಲ್ಲಿ ಮಕ್ಕಳ ಹೆಸರು ಬೇಡ, ಸಂಖ್ಯೆ ಸಾಕು. ಈ ಸಲದ ಪತ್ರದಲ್ಲಿ ಒಂದು ಸಾಲು ಹೊಸದಾಗಿ ಸೇರಿದೆ: ತಿಂಗಳಿಗೊಮ್ಮೆ ಅತಿಥಿ ಕಲಾವಿದರು ಬರಬಹುದು, ಗುರುತಿನ ಚೀಟಿಯ ಪ್ರತಿಯನ್ನು ವಾರ ಮೊದಲು ಸಂಸ್ಥೆಗೆ ಕೊಟ್ಟರೆ ಸಾಕು. ಇನ್ನು ಒಬ್ಬೊಬ್ಬರಿಗೂ ಬೇರೆ ಬೇರೆ ಕಡತ ಓಡಿಸಬೇಕಿಲ್ಲ. ನೀವು ಅರ್ಜಿ ಬರೆಯುವಾಗ ಈ ಸಾಲನ್ನು ಮೊದಲ ದಿನವೇ ಕೇಳಿ.